ಓಬೋ ಕಲಿಯುವವರಿಗೆ ಮೊದಲು ರೀಡ್‌ನ ವಿಚಾರ ತಿಳಿಸಿ

ಮಾನ್ಯ ಸಂಪಾದಕರೇ,

ಪಾಶ್ಚಾತ್ಯ ಸಂಗೀತದ ವಾದ್ಯಗಳಲ್ಲಿ ಓಬೋ ಅತ್ಯಂತ ಕಷ್ಟದ್ದು ಎಂಬ ಮಾತು ವಾದ್ಯಗಳನ್ನು ಕುರಿತ ಲೇಖನಗಳಲ್ಲೂ ಸಂಗೀತ ಶಾಲೆಗಳ ಸಲಹೆಗಳಲ್ಲೂ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಬಹುಕಾಲದಿಂದ ಈ ವಾದ್ಯವನ್ನು ನುಡಿಸುತ್ತ, ಹೊಸಬರಿಗೆ ಕಲಿಸುತ್ತ ಬಂದಿರುವ ನನಗೆ ಈ ಮಾತು ಅರ್ಧಸತ್ಯವೆಂದೂ, ಅದರಿಂದ ಕಲಿಯುವವರಿಗೆ ಆಗುವ ಹಾನಿ ಸಣ್ಣದಲ್ಲವೆಂದೂ ಅನ್ನಿಸಿದೆ. ಮೊದಲ ತಿಂಗಳಲ್ಲಿ ಸ್ವರ ಹೊರಡದಿದ್ದಾಗ, ಹೊರಟರೂ ಕರ್ಕಶವಾಗಿದ್ದಾಗ, ಕಲಿಯುವವರು ತಮ್ಮಲ್ಲೇ ಏನೋ ಕೊರತೆಯಿದೆ ಎಂದು ತೀರ್ಮಾನಿಸಿ ವಾದ್ಯವನ್ನು ಕೆಳಗಿಟ್ಟುಬಿಡುತ್ತಾರೆ. ನಾನು ಕಂಡಂತೆ ಅಂಥ ಬಹುತೇಕ ಸಂದರ್ಭಗಳಲ್ಲಿ ಕೊರತೆ ಇರುವುದು ಮನುಷ್ಯನಲ್ಲಲ್ಲ, ಬಾಯಿಯಲ್ಲಿಟ್ಟುಕೊಂಡಿರುವ, ಊದಿದಾಗ ಕಂಪಿಸಿ ನಾದ ಹೊರಡಿಸುವ ಜೊಂಡಿನ ತುಣುಕಾದ ರೀಡ್‌ನಲ್ಲಿ. ಈ ಸಂಗತಿಯನ್ನು ಮೊದಲ ದಿನವೇ ಹೇಳುವವರು ಕಡಿಮೆ. ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ.

ಓಬೋ ಸುಮಾರು 65 ಸೆಂಟಿಮೀಟರ್ ಉದ್ದದ, ಮೇಲಿನಿಂದ ಕೆಳಗೆ ಹೋದಂತೆ ಒಳಕೊಳವೆ ಅಗಲವಾಗುವ ವಾದ್ಯ. ಶಹನಾಯಿ, ನಾಗಸ್ವರಗಳಂತೆ ಇದೂ ಜೋಡಿ ರೀಡ್‌ನ ಮನೆತನಕ್ಕೆ ಸೇರಿದ್ದು. ಹೊರಾಂಗಣದಲ್ಲಿ ನುಡಿಸುತ್ತಿದ್ದ ಶಾಮ್ ಎಂಬ ವಾದ್ಯವನ್ನು 17ನೇ ಶತಮಾನದ ನಡುಭಾಗದಲ್ಲಿ ಫ್ರಾನ್ಸಿನ ವಾದಕರೂ ತಯಾರಕರೂ ಒಳಾಂಗಣಕ್ಕೆ ಒಗ್ಗುವಂತೆ ತಿದ್ದಿದಾಗ ಓಬೋ ರೂಪುಗೊಂಡಿತು. ಈಗ ನಾವು ಬಳಸುವ, ಬೆರಳಿನಿಂದ ಒತ್ತಿ ರಂಧ್ರಗಳನ್ನು ಮುಚ್ಚಿ ತೆರೆಯುವ ಕೀಗಳ ವ್ಯವಸ್ಥೆಗೆ 19ನೇ ಶತಮಾನದಲ್ಲಿ ಪ್ಯಾರಿಸ್‌ನ ಟ್ರಿಯೆಬೆರ್ ಕುಟುಂಬದ ತಯಾರಕರು ತಳಹದಿ ಹಾಕಿದರು. ಹೊಸಬರಿಗೆ ಇಷ್ಟು ಇತಿಹಾಸ ಸಾಕು. ಅವರಿಗೆ ತುರ್ತಾಗಿ ತಿಳಿಯಬೇಕಾದದ್ದು ವಾದ್ಯದ ತುದಿಯಲ್ಲಿ ಕೂರುವ ಏಳು ಸೆಂಟಿಮೀಟರಿನ ಆಸುಪಾಸಿನ ವಸ್ತುವಿನ ವಿಚಾರ.

ರೀಡ್ ತಯಾರಾಗುವುದು ಅರುಂಡೊ ಡೊನಾಕ್ಸ್ ಎಂಬ ಜೊಂಡಿನಿಂದ. ಹತ್ತು ಹನ್ನೊಂದು ಮಿಲಿಮೀಟರ್ ವ್ಯಾಸದ ಒಣಗಿದ ಕಾಂಡವನ್ನು ಉದ್ದಕ್ಕೆ ಸೀಳಿ, ಒಳಭಾಗವನ್ನು ಹೆರೆದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪಕ್ಕೆ ತಂದು, ನಡುವೆ ಮಡಚಿ, ಕಾರ್ಕ್ ಸುತ್ತಿದ ಸಣ್ಣ ಲೋಹದ ಕೊಳವೆಗೆ ದಾರದಿಂದ ಬಿಗಿದು ಕಟ್ಟುತ್ತಾರೆ. ಆಮೇಲೆ ಮಡಿಕೆಯ ತುದಿಯನ್ನು ಕತ್ತರಿಸಿದರೆ ಎರಡು ಎಲೆಗಳು ಎದುರುಬದುರಾಗಿ ನಿಲ್ಲುತ್ತವೆ. ಅವುಗಳ ತುದಿಯನ್ನು ಚಾಕುವಿನಿಂದ ಹೆರೆಯುತ್ತ ಹೋಗಿ ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುವಷ್ಟು ತೆಳುವಾಗಿಸಬೇಕು. ತುದಿಯಲ್ಲಿ ಒಂದು ಗೀರು ಹೆಚ್ಚಾದರೂ ಕಡಿಮೆಯಾದರೂ ಸ್ವರದ ಗುಣ ಬದಲಾಗುತ್ತದೆ. ಒಂದೇ ಕಾಂಡದಿಂದ ಒಂದೇ ಕೈ ಮಾಡಿದ ಎರಡು ರೀಡ್‌ಗಳು ಕೂಡ ಒಂದೇ ರೀತಿ ನುಡಿಯುವುದಿಲ್ಲ. ಕ್ಲಾರಿನೆಟ್ ಕಲಿಯುವವರು ಗಟ್ಟಿತನದ ಸಂಖ್ಯೆ ನೋಡಿ ಒಂದು ಪೆಟ್ಟಿಗೆ ರೀಡ್ ಕೊಂಡು ಹೆಚ್ಚುಕಡಿಮೆ ನೆಮ್ಮದಿಯಿಂದ ಇರಬಹುದು. ಓಬೋ ಕಲಿಯುವವರಿಗೆ ಆ ನೆಮ್ಮದಿಯಿಲ್ಲ. ಅವರ ಪೆಟ್ಟಿಗೆಯ ಮೇಲೆ ‘ಮೀಡಿಯಮ್’ ಎಂದು ಬರೆದಿದ್ದರೂ ಒಳಗಿರುವ ರೀಡ್ ಗಟ್ಟಿಯಾಗಿರಬಹುದು, ಸೋರುತ್ತಿರಬಹುದು, ಇಲ್ಲವೇ ಶ್ರುತಿಗಿಂತ ಕೆಳಗೆ ಮಲಗಿರಬಹುದು.

ಹಾಗಿದ್ದರೆ ಕೈಯಲ್ಲಿರುವ ರೀಡ್ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದು ಹೊಸಬರ ಮೊದಲ ಪ್ರಶ್ನೆಯಾಗಬೇಕು. ವಾದ್ಯಕ್ಕೆ ಜೋಡಿಸುವ ಮೊದಲೇ ಎರಡು ಪರೀಕ್ಷೆಗಳನ್ನು ಮಾಡಬಹುದು. ನೆನೆದ ರೀಡ್‌ನ ಕಾರ್ಕ್ ಇರುವ ತುದಿಯನ್ನು ಬೆರಳಿನಿಂದ ಮುಚ್ಚಿ, ಇನ್ನೊಂದು ತುದಿಯಿಂದ ಗಾಳಿಯನ್ನು ಹೀರಿ ತೆಗೆದಾಗ ಎಲೆಗಳೆರಡೂ ಅಂಟಿಕೊಂಡು ಒಂದು ಕ್ಷಣ ಹಾಗೆಯೇ ನಿಂತು, ಆಮೇಲೆ ಸಣ್ಣ ಸದ್ದಿನೊಂದಿಗೆ ಬಿಚ್ಚಿಕೊಂಡರೆ ಗಾಳಿ ಎಲ್ಲೂ ಸೋರುತ್ತಿಲ್ಲ ಎಂದು ಅರ್ಥ. ಎರಡನೆಯದು, ದಾರದವರೆಗೂ ರೀಡನ್ನು ಬಾಯೊಳಗೆ ಇಟ್ಟು, ತುಟಿಗಳನ್ನು ಬಿಗಿಯದೆ ಸುಮ್ಮನೆ ಊದುವುದು. ಆಗ ಬರುವ ಕಾಗೆಯ ದನಿಯಂಥ ಸದ್ದಿನಲ್ಲಿ ಸ್ಥಿರತೆ ಇರಬೇಕು. ಅಮೆರಿಕದಲ್ಲಿ ರೂಢಿಯಲ್ಲಿರುವ ಉದ್ದ ಹೆರೆತದ ರೀಡ್‌ಗಳಲ್ಲಿ ಈ ಸದ್ದು ‘ಸಿ’ ಸ್ವರದ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ಕೇಳಿಸಬೇಕೆಂದು ವಾದಕರು ನೋಡುತ್ತಾರೆ. ಯುರೋಪಿನ ಗಿಡ್ಡ ಹೆರೆತದ ರೀಡ್‌ಗಳಿಗೆ ಈ ಅಳತೆ ಹಾಗೆಯೇ ಹೊಂದುವುದಿಲ್ಲ. ಸದ್ದೇ ಹೊರಡದಿದ್ದರೆ ಅಥವಾ ಹೊರಡಿಸಲು ಕೆನ್ನೆ ಕೆಂಪಾಗುವಷ್ಟು ಊದಬೇಕಾಗಿ ಬಂದರೆ ಆ ರೀಡ್ ಹೊಸಬರಿಗೆ ತಕ್ಕದ್ದಲ್ಲ. ಅದನ್ನು ಶಿಕ್ಷಕರು ಚಾಕುವಿನಿಂದ ತಿದ್ದಿಕೊಡಬೇಕು, ಇಲ್ಲವೇ ಬದಲಿಸಬೇಕು. ಗಟ್ಟಿ ರೀಡ್‌ನಿಂದ ತುಟಿ ಬಲವಾಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ; ಅದರಿಂದ ಬಲವಾಗುವುದು ಕಚ್ಚುವ ಅಭ್ಯಾಸ ಮಾತ್ರ.

ರೀಡನ್ನು ಎಷ್ಟು ಹೊತ್ತು ನೆನೆಸಬೇಕು ಎಂದು ಎಲ್ಲರೂ ಕೇಳುತ್ತಾರೆ. ಚಿಕ್ಕ ಬಟ್ಟಲಿನ ಶುದ್ಧ ನೀರಿನಲ್ಲಿ ಎಲೆಗಳ ಭಾಗ ಮುಳುಗುವಂತೆ ಎರಡು ಮೂರು ನಿಮಿಷ ನಿಲ್ಲಿಸಿದರೆ ಸಾಮಾನ್ಯವಾಗಿ ಸಾಕು. ಬಾಯಿಯಲ್ಲಿಟ್ಟು ಎಂಜಲಿನಿಂದ ನೆನೆಸಿದರೆ ಅದು ಸಮನಾಗಿ ನೆನೆಯುವುದಿಲ್ಲ, ಬೇಗ ಹಾಳೂ ಆಗುತ್ತದೆ. ತುಂಬ ಹೊತ್ತು ನೀರಿನಲ್ಲಿ ಬಿಟ್ಟರೆ ಎಲೆಗಳು ಅತಿಯಾಗಿ ತೆರೆದುಕೊಂಡು ಊದುವುದೇ ದುಸ್ತರವಾಗುತ್ತದೆ. ನುಡಿಸಿ ಮುಗಿದ ಮೇಲೆ ನೀರು ಕೊಡವಿ, ಗಾಳಿಯಾಡುವ ಡಬ್ಬಿಯಲ್ಲಿಡಬೇಕು. ಅಂಗಡಿಯಿಂದ ತಂದಾಗ ಅದಿರುವ ಪ್ಲಾಸ್ಟಿಕ್ ಕೊಳವೆಯಲ್ಲಿ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ. ದಿನವೂ ನುಡಿಸುವವರ ಕೈಯಲ್ಲಿ ಒಂದು ರೀಡ್ ಕೆಲವೇ ವಾರ ಬಾಳುತ್ತದೆ. ಆದ್ದರಿಂದ ಕನಿಷ್ಠ ಮೂರನ್ನು ಇಟ್ಟುಕೊಂಡು ದಿನಕ್ಕೊಂದರಂತೆ ಸರದಿಯಲ್ಲಿ ಬಳಸುವುದು ಜಾಣತನ. ಕೃತಕ ವಸ್ತುವಿನ ರೀಡ್‌ಗಳೂ ಈಗ ಸಿಗುತ್ತವೆ. ಅವು ನೆನೆಸದೆಯೇ ನುಡಿಯುತ್ತವೆ, ಹೆಚ್ಚು ದಿನ ಬರುತ್ತವೆ, ಬೆಲೆಯೂ ಹೆಚ್ಚು. ಒಳ್ಳೆಯ ಜೊಂಡಿನ ರೀಡ್ ಮಾಡಿಕೊಡುವವರು ಹತ್ತಿರದಲ್ಲಿಲ್ಲದ ವಿದ್ಯಾರ್ಥಿಗೆ ಅವು ಉಪಯುಕ್ತವೆಂದೇ ನನ್ನ ಅಭಿಪ್ರಾಯ.

ವೃತ್ತಿಪರರು ತಮ್ಮ ರೀಡನ್ನು ತಾವೇ ಮಾಡಿಕೊಳ್ಳುತ್ತಾರಲ್ಲ, ನಾವೂ ಆರಂಭದಿಂದಲೇ ಕಲಿಯಬೇಕೇ ಎಂದು ಉತ್ಸಾಹಿಗಳು ಕೇಳುವುದುಂಟು. ಬೇಡ. ಒಳ್ಳೆಯ ಸ್ವರ ಹೇಗಿರುತ್ತದೆಂದು ಕಿವಿಗೆ ಗೊತ್ತಾಗುವ ಮೊದಲು ಚಾಕು ಹಿಡಿದರೆ ಏನನ್ನು ಹುಡುಕುತ್ತಿದ್ದೇವೆ ಎಂಬುದೇ ತಿಳಿಯದು. ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ, ಕೊಂಡ ರೀಡನ್ನು ಅಲ್ಪಸ್ವಲ್ಪ ತಿದ್ದುವುದರಿಂದ ಆರಂಭಿಸಿದರೆ ಸರಿ.

ಇನ್ನು ಉಸಿರಿನ ಪ್ರಶ್ನೆ. ಓಬೋ ನುಡಿಸಲು ದೊಡ್ಡ ಶ್ವಾಸಕೋಶ ಬೇಕೆಂದು ಬಹಳ ಜನ ನಂಬಿದ್ದಾರೆ. ನಿಜಸ್ಥಿತಿ ಇದಕ್ಕೆ ತದ್ವಿರುದ್ಧ. ರೀಡ್‌ನ ತುದಿಯ ಕಂಡಿ ತೀರ ಕಿರಿದಾದದ್ದರಿಂದ ಅದರ ಮೂಲಕ ಹೋಗುವ ಗಾಳಿ ಬಹಳ ಕಡಿಮೆ; ಆದರೆ ಆ ಗಾಳಿಯ ಹಿಂದೆ ಒತ್ತಡ ಹೆಚ್ಚು ಇರಬೇಕು. ಕೊಳಲು ನುಡಿಸುವವರಿಗೆ ಒಂದು ಸಾಲಿನ ಕೊನೆಯಲ್ಲಿ ಗಾಳಿ ಸಾಲದಾಗುತ್ತದೆ, ಓಬೋ ನುಡಿಸುವವರಿಗೆ ಅದೇ ಸಾಲಿನ ಕೊನೆಯಲ್ಲಿ ಗಾಳಿ ಮಿಕ್ಕಿರುತ್ತದೆ. ಮಿಕ್ಕ ಗಾಳಿಯಲ್ಲಿ ಆಮ್ಲಜನಕ ತೀರುತ್ತ ಬಂದು ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುತ್ತದೆ. ಇದನ್ನರಿಯದ ಹೊಸಬರು ಉಸಿರುಗಟ್ಟಿದಂತಾದಾಗ ಇನ್ನಷ್ಟು ಗಾಳಿಯನ್ನು ಒಳಗೆಳೆದುಕೊಳ್ಳಲು ನೋಡುತ್ತಾರೆ, ತುಂಬಿದ ಎದೆಗೆ ಮತ್ತಷ್ಟು ತುಂಬಲಾಗದೆ ತಲೆ ಸುತ್ತಿ ನಿಲ್ಲಿಸುತ್ತಾರೆ. ಮೊದಲು ಹಳೆಯ ಗಾಳಿಯನ್ನು ಹೊರಗೆ ಬಿಡಬೇಕು, ಆಮೇಲೆ ಹೊಸದನ್ನು ಒಳಗೆ ತೆಗೆದುಕೊಳ್ಳಬೇಕು. ಎರಡಕ್ಕೂ ಸಮಯ ಸಿಗದ ಕಡೆ ಒಂದು ವಿರಾಮದಲ್ಲಿ ಬಿಟ್ಟು, ಮುಂದಿನ ವಿರಾಮದಲ್ಲಿ ತೆಗೆದುಕೊಳ್ಳುವುದು ಅನುಭವಿಗಳ ಕ್ರಮ. ಪುಸ್ತಕದಲ್ಲಿ ಸ್ವರಗಳ ಮೇಲೆ ಇವೆರಡನ್ನೂ ಬೇರೆ ಬೇರೆ ಗುರುತಿನಿಂದ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುವಂತೆ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಹೊರಬಿಡುವ ಗುರುತು ಬರೆದ ದಿನದಿಂದ ಅವರ ಆಯಾಸ ಕಡಿಮೆಯಾಗುವುದನ್ನು ಕಂಡಿದ್ದೇನೆ.

ಓಬೋ ಊದಿದರೆ ಮೆದುಳಿಗೆ ಪೆಟ್ಟಾಗುತ್ತದೆ ಎಂಬ ಹಳೆಯ ವದಂತಿಗೆ ಆಧಾರವಿಲ್ಲ. ಆದರೆ ಹೆಚ್ಚು ಒತ್ತಡದಿಂದ ಊದುವಾಗ ಕಣ್ಣಿನೊಳಗಿನ ಒತ್ತಡವೂ ತಾತ್ಕಾಲಿಕವಾಗಿ ಏರುವುದು ನಿಜ. ಗ್ಲಾಕೋಮಾ ಇರುವವರು, ಅಂಡವಾಯುವಿನ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಹಲ್ಲಿಗೆ ತಂತಿ ಹಾಕಿಸಿಕೊಂಡ ಮಕ್ಕಳು ನುಡಿಸಬಹುದು. ತಂತಿ ಬಿಗಿಸಿದ ದಿನ ಒಳತುಟಿ ನೋಯುವುದರಿಂದ ಅಂದು ಅಭ್ಯಾಸ ಬಿಟ್ಟರೆ ತಪ್ಪೇನಿಲ್ಲ.

ತುಟಿಯ ವಿಚಾರದಲ್ಲಿ ಬರೆದು ಹೇಳಬಹುದಾದದ್ದು ಸ್ವಲ್ಪವೇ. ರೀಡ್‌ನ ತುದಿಯನ್ನು ಕೆಳತುಟಿಯ ನಡುವೆ ಇಟ್ಟು, ಎರಡೂ ತುಟಿಗಳನ್ನು ಹಲ್ಲಿನ ಮೇಲೆ ಮೆಲ್ಲಗೆ ಒಳಮಡಚಿ, ಬಾಯಿಯ ಮೂಲೆಗಳನ್ನು ನಡುವಿನತ್ತ ತರಬೇಕು. ನಗುವಾಗಿನಂತೆ ಮೂಲೆಗಳನ್ನು ಹಿಂದಕ್ಕೆ ಎಳೆದರೆ ಸ್ವರ ತೆಳುವಾಗುತ್ತದೆ. ಬಹಳಷ್ಟು ಹೊಸಬರು ರೀಡನ್ನು ಬೇಕಾದದ್ದಕ್ಕಿಂತ ಹೆಚ್ಚು ಒಳಗೆ ತೂರಿಸುತ್ತಾರೆ. ಆಗ ಶ್ರುತಿ ಏರಿ ಸ್ವರ ಕಿರುಚುತ್ತದೆ. ಪ್ರತಿ ಸ್ವರವನ್ನೂ ಆರಂಭಿಸಬೇಕಾದದ್ದು ನಾಲಗೆಯ ತುದಿ. ಗಾಳಿಯ ಒತ್ತಡವನ್ನು ಮೊದಲೇ ಸಿದ್ಧಗೊಳಿಸಿ, ರೀಡ್‌ನ ತುದಿಗೆ ತಾಗಿರುವ ನಾಲಗೆಯನ್ನು ಹಿಂದೆಗೆದರೆ ಸ್ವರ ಹೊರಡುತ್ತದೆ. ‘ದು’ ಎನ್ನುವಾಗ ನಾಲಗೆ ಹೇಗೆ ಮುಂದೆ ಬಂದು ಹಲ್ಲಿಗೆ ತಾಗಿ ಬಿಡುತ್ತದೋ ಆ ಚಲನೆ ಇಲ್ಲಿಗೆ ಹತ್ತಿರದ್ದು.

ಬೆರಳುಗಳ ವಿಷಯದಲ್ಲಿ ಓಬೋ ಬೇರೆ ಮರದ ವಾದ್ಯಗಳಿಗಿಂತ ವಿಶೇಷ ಕಷ್ಟದ್ದೇನಲ್ಲ. ಎಡಗೈಯ ಮೂರು ಬೆರಳುಗಳಿಂದ ಬರುವ ‘ಬಿ’, ‘ಎ’, ‘ಜಿ’ ಸ್ವರಗಳಿಂದ ಪಾಠ ಆರಂಭವಾಗುತ್ತದೆ. ಹೊಸಬರು ಎಡವುವುದು ಮುಖ್ಯವಾಗಿ ಎರಡು ಕಡೆ. ‘ಎಫ್’ ಸ್ವರಕ್ಕೆ ಒಂದಕ್ಕಿಂತ ಹೆಚ್ಚು ಬೆರಳಿನ ವಿನ್ಯಾಸಗಳಿದ್ದು, ಹಿಂದೆ ಮುಂದೆ ಬರುವ ಸ್ವರವನ್ನು ನೋಡಿ ಯಾವುದೆಂದು ಆರಿಸಬೇಕು. ಎರಡನೆಯದು, ನಡುಸ್ಥಾಯಿಯ ‘ಸಿ ಶಾರ್ಪ್’, ‘ಡಿ’, ‘ಇ ಫ್ಲಾಟ್’ ಸ್ವರಗಳಿಗೆ ಎಡಗೈಯ ತೋರುಬೆರಳು ತನ್ನ ಕೀಯ ನಡುವಿರುವ ಪುಟ್ಟ ರಂಧ್ರವನ್ನು ಮಾತ್ರ ತೆರೆಯುವಂತೆ ಕೆಳಕ್ಕೆ ಹೊರಳಬೇಕು. ಇಲ್ಲಿ ಬೆರಳನ್ನು ಎತ್ತಬಾರದು, ಜಾರಿಸಲೂಬಾರದು, ಹೊರಳಿಸಬೇಕು. ಕನ್ನಡಿಯ ಮುಂದೆ ನಿಂತು ಈ ಒಂದು ಚಲನೆಯನ್ನು ನಿಧಾನವಾಗಿ ಅಭ್ಯಾಸ ಮಾಡಿದವರಿಗೆ ಮುಂದಿನ ಎಷ್ಟೋ ಹಾಡುಗಳು ಸುಲಭವಾಗುತ್ತವೆ. ವಾದ್ಯದ ಭಾರವೆಲ್ಲ ಬಲಗೈ ಹೆಬ್ಬೆರಳಿನ ಮೇಲೆ ಬೀಳುವುದರಿಂದ ಚಿಕ್ಕ ಮಕ್ಕಳು ಕುತ್ತಿಗೆ ಪಟ್ಟಿ ಬಳಸುವುದು ಒಳ್ಳೆಯದು.

ವಾದ್ಯ ಮರದ್ದೇ ಆಗಬೇಕೇ ಎಂಬ ಪ್ರಶ್ನೆಗೆ ಹೊಸಬರ ಮಟ್ಟಿಗೆ ಇಲ್ಲವೆಂದೇ ನನ್ನ ಉತ್ತರ. ಮರದ ಓಬೋಗಳು ಬಹುತೇಕ ಆಫ್ರಿಕಾದ ಗ್ರೆನಡಿಲ್ಲಾ ಮರದವು. ಊದುವ ಬಿಸಿ, ತೇವದ ಗಾಳಿಯಿಂದ ಒಳಗೋಡೆ ಹಿಗ್ಗುವಾಗ ಹೊರಗೋಡೆ ತಣ್ಣಗಿದ್ದರೆ ಮರ ಬಿರುಕು ಬಿಡುತ್ತದೆ. ಅದರಲ್ಲೂ ಮೇಲಿನ ಭಾಗದಲ್ಲಿ, ಹೊಸ ವಾದ್ಯದ ಮೊದಲ ವರ್ಷದಲ್ಲಿ ಈ ಭಯ ಹೆಚ್ಚು. ಹೊಸ ಮರದ ವಾದ್ಯವನ್ನು ಮೊದಲ ವಾರಗಳಲ್ಲಿ ದಿನಕ್ಕೆ ಹತ್ತು ಹದಿನೈದು ನಿಮಿಷವಷ್ಟೇ ನುಡಿಸಿ ಒರೆಸಿಟ್ಟು ಕ್ರಮೇಣ ಸಮಯ ಹೆಚ್ಚಿಸಬೇಕು, ಚಳಿಯಿದ್ದಾಗ ಮೇಲಿನ ಭಾಗವನ್ನು ಕೈಯಲ್ಲಿ ಹಿಡಿದು ಬೆಚ್ಚಗಾಗಿಸಿಯೇ ಊದಬೇಕು. ಕೃತಕ ರಾಳದಿಂದ ಮಾಡಿದ ವಾದ್ಯಕ್ಕೆ ಈ ಚಿಂತೆ ಇಲ್ಲ, ಮೊದಲ ವರ್ಷಗಳಲ್ಲಿ ಸ್ವರದ ವ್ಯತ್ಯಾಸವೂ ಗಣನೀಯವಲ್ಲ. ಅದಕ್ಕಿಂತ ಮುಖ್ಯವಾಗಿ ಕೆಳಗಿನ ‘ಬಿ ಫ್ಲಾಟ್’ ಕೀ, ಎಡಗೈಯ ‘ಎಫ್’ ಕೀ ಇವೆಯೇ ಎಂದು ನೋಡಬೇಕು. ಇವಿಲ್ಲದ ಅಗ್ಗದ ವಾದ್ಯವನ್ನು ಸ್ವಲ್ಪ ಕಾಲದಲ್ಲೇ ಬದಲಿಸಬೇಕಾಗುತ್ತದೆ. ಕೊಳ್ಳುವ ಬದಲು ಬಾಡಿಗೆಗೆ ಸಿಗುವಂತಿದ್ದರೆ ಮೊದಲ ವರ್ಷ ಅದೇ ಉತ್ತಮ.

ಒಳಗನ್ನು ಒರೆಸಲು ರೇಷ್ಮೆ ಬಟ್ಟೆಯನ್ನು ಅಗಲವಾದ ಕಡೆಯಿಂದ ಕಿರಿದಾದ ಕಡೆಗೆ ಎಳೆಯುತ್ತಾರೆ. ಬಟ್ಟೆ ಗಂಟಾಗಿದ್ದರೆ ಮೇಲಿನ ಭಾಗದ ಕಿರಿದಾದ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆಯೂ ಬಾಲವಿರುವ ಬಟ್ಟೆಯಾದರೆ ಹಾಗೆಯೇ ವಾಪಸು ಎಳೆಯಬಹುದು, ಇಲ್ಲವಾದರೆ ಬಲ ಪ್ರಯೋಗಿಸದೆ ರಿಪೇರಿ ಮಾಡುವವರಿಗೆ ಕೊಡಬೇಕು. ಕಡ್ಡಿ, ತಂತಿ ತೂರಿಸಿದರೆ ಒಳಕೊಳವೆಗೆ ಗೀರು ಬಿದ್ದು ವಾದ್ಯವೇ ಕೆಡುತ್ತದೆ.

ಆರ್ಕೆಸ್ಟ್ರಾದಲ್ಲಿ ಎಲ್ಲರೂ ಓಬೋದ ‘ಎ’ ಸ್ವರಕ್ಕೆ ಶ್ರುತಿ ಸೇರಿಸುವುದನ್ನು ನೋಡಿದವರು, ಈ ವಾದ್ಯದ ಶ್ರುತಿ ತಾನಾಗಿಯೇ ಸರಿಯಾಗಿರುತ್ತದೆ ಎಂದುಕೊಳ್ಳುತ್ತಾರೆ. 440 ಹರ್ಟ್ಸ್‌ನ, ಯುರೋಪಿನ ಎಷ್ಟೋ ಕಡೆ 442ರ ಆ ಸ್ವರವನ್ನು ಕೊಡುವ ವಾದಕರೇ ಬಹುತೇಕ ಶ್ರುತಿ ತೋರಿಸುವ ಉಪಕರಣವಾದ ಟ್ಯೂನರ್ ನೋಡಿಕೊಂಡು ಕೊಡುತ್ತಾರೆ. ಓಬೋದ ನಾದ ಸ್ಪಷ್ಟವಾಗಿ, ಸ್ಥಿರವಾಗಿ ಇತರ ವಾದ್ಯಗಳ ನಡುವೆ ಎದ್ದು ಕೇಳುವುದರಿಂದಲೂ, ಆರ್ಕೆಸ್ಟ್ರಾದಲ್ಲಿ ಅದು ಮೊದಲಿನಿಂದಲೂ ಇದ್ದುದರಿಂದಲೂ ಈ ರೂಢಿ ಉಳಿದುಬಂದಿದೆ. ಹೊಸಬರಿಗೆ ಇದರಿಂದ ತಿಳಿಯಬೇಕಾದ ಕೆಲಸದ ಸಂಗತಿ ಬೇರೆ: ಶ್ರುತಿ ಏರಿತೆಂದು ರೀಡನ್ನು ಹೊರಕ್ಕೆ ಎಳೆಯಬಾರದು. ಎಳೆದರೆ ಒಳಗೆ ಒಂದು ಖಾಲಿ ಜಾಗ ಉಂಟಾಗಿ ಕೆಲವು ಸ್ವರಗಳು ಅಡ್ಡಾದಿಡ್ಡಿಯಾಗುತ್ತವೆ. ರೀಡ್ ಪೂರ್ತಿ ಒಳಗೆ ಕೂತಿರಬೇಕು, ಶ್ರುತಿಯನ್ನು ಗಾಳಿ, ತುಟಿ, ಸರಿಯಾದ ರೀಡ್‌ಗಳಿಂದ ಸಾಧಿಸಬೇಕು.

ಎಷ್ಟನೆಯ ವಯಸ್ಸಿಗೆ ಆರಂಭಿಸಬೇಕು? ಬಾಯಿಯ ಮುಂಭಾಗದ ಶಾಶ್ವತ ಹಲ್ಲುಗಳು ಬಂದು, ಬೆರಳುಗಳು ಕೀಗಳಿಗೆ ಎಟುಕುವಂತಾದರೆ ಸಾಕು. ಸಾಮಾನ್ಯವಾಗಿ ಒಂಬತ್ತು ಹತ್ತು ವರ್ಷ. ಮೇಲಿನ ಮಿತಿ ಎಂಬುದಿಲ್ಲ. ದೊಡ್ಡವರು ಉಸಿರಿನ ಲೆಕ್ಕಾಚಾರವನ್ನು ಮಕ್ಕಳಿಗಿಂತ ಬೇಗ ಗ್ರಹಿಸುವುದನ್ನು ನೋಡಿದ್ದೇನೆ. ಅಭ್ಯಾಸವನ್ನು ಆರಂಭದಲ್ಲಿ ಹತ್ತು ಹದಿನೈದು ನಿಮಿಷಗಳ ತುಂಡುಗಳಾಗಿ ಮಾಡಬೇಕು. ತುಟಿ ದಣಿದ ಮೇಲೂ ಮುಂದುವರಿಸಿದರೆ ಕಚ್ಚುವುದು ಶುರುವಾಗುತ್ತದೆ, ಕಚ್ಚುವ ಅಭ್ಯಾಸ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ವಿಡಿಯೋ ನೋಡಿ ಒಬ್ಬರೇ ಕಲಿಯಬಹುದೇ ಎಂದರೆ, ಮೊದಲ ಕೆಲವು ತಿಂಗಳಾದರೂ ಬೇಡ ಎನ್ನುತ್ತೇನೆ. ವಿಡಿಯೋದಲ್ಲಿರುವ ಶಿಕ್ಷಕರಿಗೆ ನಿಮ್ಮ ರೀಡನ್ನು ಕೈಗೆ ತೆಗೆದುಕೊಂಡು ನೋಡಲಾಗದು.

ಕೊನೆಯದಾಗಿ ಸಂಗೀತ ಶಾಲೆಗಳಲ್ಲಿ ಒಂದು ವಿನಂತಿ. ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಓಬೋವನ್ನು ತೆಗೆದು ಹಾಗೆಯೇ ಮಗುವಿನ ಕೈಗೆ ಕೊಡುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಓಬೋದ ಕೀಗಳು ಒಂದಕ್ಕೊಂದು ಸಣ್ಣ ಸಣ್ಣ ತಿರುಪುಗಳ ಮೂಲಕ ಹೊಂದಿಕೊಂಡಿರುತ್ತವೆ. ಒಂದು ತಿರುಪು ಕೂದಲೆಳೆಯಷ್ಟು ಸಡಿಲವಾದರೂ ಮೇಲೆಲ್ಲೋ ಒಂದು ಪ್ಯಾಡ್ (ರಂಧ್ರ ಮುಚ್ಚುವ ಮೆತ್ತೆ) ಸರಿಯಾಗಿ ಮುಚ್ಚದೆ, ಕೆಳಗಿನ ಸ್ವರಗಳು ಹೊರಡುವುದೇ ಇಲ್ಲ. ಮಗು ಮಾತ್ರ ತನ್ನ ತುಟಿ ಸರಿಯಿಲ್ಲವೆಂದು ಭಾವಿಸಿ ಇನ್ನಷ್ಟು ಜೋರಾಗಿ ಊದುತ್ತದೆ. ಇದನ್ನು ಕಂಡುಹಿಡಿಯಲು ಅರ್ಧ ನಿಮಿಷ ಸಾಕು. ಮೇಲಿನ ಭಾಗವನ್ನು ಬೇರ್ಪಡಿಸಿ, ಬೆರಳುಗಳಿಂದ ಕೀಗಳನ್ನೆಲ್ಲ ಮುಚ್ಚಿ, ಕೆಳತುದಿಯನ್ನು ಅಂಗೈಗೆ ಒತ್ತಿ ಹಿಡಿದು, ಮೇಲ್ತುದಿಯಿಂದ ಗಾಳಿ ಹೀರಬೇಕು. ಕೆಲವು ಕ್ಷಣ ಆ ಸೆಳೆತ ಹಾಗೆಯೇ ನಿಂತರೆ ಸರಿ, ಕೂಡಲೇ ಬಿಟ್ಟುಹೋದರೆ ವಾದ್ಯ ಮೊದಲು ರಿಪೇರಿಗೆ ಹೋಗಬೇಕು. ತಿರುಪುಗಳನ್ನು ಅರಿಯದವರು ಮುಟ್ಟಬಾರದು. ವಾದ್ಯವನ್ನು ಹೀಗೆ ಪರೀಕ್ಷಿಸಿ, ಅದರ ಜೊತೆಗೆ ಶಿಕ್ಷಕರು ನುಡಿಸಿ ನೋಡಿದ ಮೂರು ರೀಡ್‌ಗಳನ್ನು ಕೊಡುವುದನ್ನು ಶಾಲೆಗಳು ನಿಯಮವನ್ನಾಗಿ ಮಾಡಿಕೊಳ್ಳಬೇಕು, ರೀಡ್‌ಗಳ ಖರ್ಚನ್ನು ವಾದ್ಯದ ಖರ್ಚಿನೊಂದಿಗೇ ಪೋಷಕರಿಗೆ ಮೊದಲೇ ತಿಳಿಸಬೇಕು. ಇಷ್ಟು ಮಾಡಿದ ಮೇಲೂ ಮಗುವಿಗೆ ಓಬೋ ಒಗ್ಗದಿದ್ದರೆ ಬೇರೆ ವಾದ್ಯದ ಮಾತನ್ನು ಆಗ ಆಡಬಹುದು.

ತಮ್ಮ ವಿಶ್ವಾಸಿ,
ಒಬ್ಬ ಓಬೋ ಶಿಕ್ಷಕಿ